ಶಾಲೆಯ ದಾರಿಗೆ ಯಾವುದು ಬೇಕು: ಸ್ಕೈವಾಕೋ, ಹಂಪೋ, ಫುಟ್‌ಪಾತೋ?

ಜೂನ್ ಬಂತೆಂದರೆ ನಮ್ಮ ಶಾಲೆಗಳ ಪೋಷಕರ ಸಭೆಗಳಲ್ಲಿ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ: ‘ಗೇಟಿನ ಮುಂದೆ ಒಂದು ಹಂಪ್ ಹಾಕಿಸಿ.’ ಊರು ಸ್ವಲ್ಪ ದೊಡ್ಡದಾದರೆ ಬೇಡಿಕೆಯೂ ದೊಡ್ಡದಾಗಿ ಸ್ಕೈವಾಕ್ ಆಗುತ್ತದೆ. ಶಾಸಕರ ನಿಧಿಯಲ್ಲಿ ಹಣ ಉಳಿದಿದ್ದರೆ ಇಂಟರ್‌ಲಾಕ್ ಟೈಲ್ಸ್ ಹಾಕಿದ ಇನ್ನೂರು ಅಡಿ ಫುಟ್‌ಪಾತ್ ಬರುತ್ತದೆ. ಇವುಗಳಲ್ಲಿ ಯಾವುದೂ ತಪ್ಪು ಬೇಡಿಕೆಯಲ್ಲ. ಆದರೆ ಯಾವ ರಸ್ತೆಗೆ ಯಾವುದು ಹೊಂದುತ್ತದೆ, ಯಾವುದನ್ನು ಮೊದಲು ಕೇಳಬೇಕು ಎಂದು ಕೂತು ಯೋಚಿಸದೆ ಮನವಿ ಬರೆದರೆ ಹಣ ಖರ್ಚಾಗಿರುತ್ತದೆ, ಮಕ್ಕಳು ಮಾತ್ರ ಹಿಂದಿನ ಹಾಗೆಯೇ ಲಾರಿಗಳ ನಡುವೆ ಓಡಿ ದಾಟುತ್ತಿರುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಮುಖ್ಯ ಶಿಕ್ಷಕರು, ಗ್ರಾಮ ಪಂಚಾಯಿತಿ ಸದಸ್ಯರು, ನಗರಗಳ ವಾರ್ಡ್ ಸಮಿತಿಯವರು ಮತ್ತು ತಮ್ಮ ಮಗು ನಡೆದೇ ಶಾಲೆಗೆ ಹೋಗಲಿ ಎಂದು ಬಯಸುವ ತಂದೆ ತಾಯಂದಿರಿಗಾಗಿ ಈ ಹೋಲಿಕೆಯನ್ನು ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವನ್ನು ವಾಹನಗಳ ದಾರಿಯಿಂದ ಸರಿಸುವ ಕಾಮಗಾರಿಗಿಂತ ವಾಹನಗಳ ವೇಗ ಇಳಿಸುವ ಕಾಮಗಾರಿಗೆ ಮೊದಲ ಹಣ ಹೋಗಬೇಕು. ಐದರಿಂದ ಇಪ್ಪತ್ತೊಂಬತ್ತರ ವಯಸ್ಸಿನವರ ಸಾವಿಗೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಸ್ತೆಯ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಎಂಬುದೂ ಅದೇ ಸಂಸ್ಥೆಯ ಲೆಕ್ಕ. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಈ ಕಾರಣಕ್ಕೇ. ಮುಂದಿನ ಆಯ್ಕೆಗಳನ್ನೆಲ್ಲ ಈ 30ರ ಅಳತೆಯಲ್ಲೇ ತೂಗಿದ್ದೇನೆ.

ಮೊದಲು ದಾರಿಯನ್ನು ನೋಡಿ, ಆಮೇಲೆ ಆಯ್ಕೆ

ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಐದನೇ ತರಗತಿಯವರೆಗಿನ ಶಾಲೆ ಮನೆಯಿಂದ 1 ಕಿಲೋಮೀಟರ್ ಒಳಗೆ, ಎಂಟನೇ ತರಗತಿಯವರೆಗಿನದು 3 ಕಿಲೋಮೀಟರ್ ಒಳಗೆ ಸಿಗಬೇಕು. ನಡೆಯುವ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ನಿಯಮ ಇದು. ಹೀಗಾಗಿ ದಾರಿಯ ಪರಿಶೀಲನೆಯೂ ಗೇಟಿನ ಮುಂದಿನ ಐವತ್ತು ಮೀಟರಿಗೆ ಮುಗಿಯಬಾರದು. ಮಕ್ಕಳು ಯಾವ ಯಾವ ಕೇರಿಯಿಂದ, ಯಾವ ಬಡಾವಣೆಯಿಂದ ಬರುತ್ತಾರೆ ಎಂಬುದನ್ನು ಹಾಜರಾತಿ ಪುಸ್ತಕ ಇಟ್ಟುಕೊಂಡು ಗುರುತಿಸಿ. ಹೆಚ್ಚಿನ ಶಾಲೆಗಳಲ್ಲಿ ಮೂರು ನಾಲ್ಕು ದಾರಿಗಳಲ್ಲೇ ಬಹುಪಾಲು ಮಕ್ಕಳು ಬರುವುದು ಕಾಣುತ್ತದೆ. ಆ ದಾರಿಗಳನ್ನು ಮಕ್ಕಳ ಜೊತೆಯಲ್ಲೇ, ಶಾಲೆಯ ಸಮಯದಲ್ಲೇ ನಡೆದು ನೋಡಬೇಕು. ಭಾನುವಾರ ಮಧ್ಯಾಹ್ನ ಎಂಜಿನಿಯರ್ ಕಾರಿನಲ್ಲಿ ಬಂದು ನೋಡಿ ಹೋದರೆ ಬೆಳಿಗ್ಗೆ ಒಂಬತ್ತರ ಮರಳು ಲಾರಿ ಅವರ ಕಣ್ಣಿಗೆ ಬೀಳುವುದಿಲ್ಲ.

ನಡೆಯುವಾಗ ನಿಮ್ಮ ಕಣ್ಣು ಮಗುವಿನ ಎತ್ತರದಲ್ಲಿರಲಿ. ಒಂದನೇ ತರಗತಿಯ ಮಗುವಿನ ಎತ್ತರ ಸುಮಾರು 115 ಸೆಂಟಿಮೀಟರ್. ರಸ್ತೆ ಬದಿಯಲ್ಲಿ ನಿಂತ ಒಂದು ಜೀಪು ಅಥವಾ ಎಸ್‌ಯುವಿ ಆ ಮಗುವನ್ನು ಪೂರ್ತಿ ಮರೆಮಾಡುತ್ತದೆ. ಚಾಲಕನಿಗೆ ಮಗು ಕಾಣದು, ಮಗುವಿಗೆ ಬರುವ ವಾಹನ ಕಾಣದು. ಗಾಡಿಯ ಮೂತಿಯ ಪಕ್ಕದಿಂದ ಕತ್ತು ಚಾಚಿ ನೋಡಬೇಕಾದಾಗ ಮಗುವಿನ ಒಂದು ಕಾಲು ಆಗಲೇ ಡಾಂಬರಿನ ಮೇಲಿರುತ್ತದೆ. ಆದ್ದರಿಂದ ದಾಟುವ ಜಾಗದ ಎರಡೂ ಬದಿಯಲ್ಲಿ ಹತ್ತು ಹತ್ತು ಮೀಟರ್ ವಾಹನ ನಿಲ್ಲದಂತೆ ಮಾಡುವುದು ಈ ಇಡೀ ಪಟ್ಟಿಯಲ್ಲಿ ಅತಿ ಅಗ್ಗದ ಕೆಲಸ. ಎರಡು ಡಬ್ಬಿ ಬಣ್ಣ, ನಾಲ್ಕು ಕಂಬ, ಆಮೇಲೆ ಅಕ್ಕಪಕ್ಕದ ಅಂಗಡಿಯವರೊಡನೆ ಒಂದು ಮಾತು, ಇಷ್ಟೇ ಬೇಕಾದದ್ದು. ಬೇರೇನೂ ಮಾಡಲಾಗದ ಶಾಲೆಯೂ ಇದನ್ನು ಮಾಡಬಹುದು.

ಗ್ರಾಮೀಣ ಭಾಗದಲ್ಲಿ ಮಕ್ಕಳ ಗ್ರಾಮಸಭೆ ಇದಕ್ಕೆ ತಕ್ಕ ವೇದಿಕೆ. ‘ಯಾವ ಜಾಗದಲ್ಲಿ ಭಯವಾಗುತ್ತದೆ?’ ಎಂದು ಕೇಳಿ ನೋಡಿ. ದೊಡ್ಡವರ ಪಟ್ಟಿಯಲ್ಲಿ ಇಲ್ಲದ್ದನ್ನು ಮಕ್ಕಳು ಹೇಳುತ್ತಾರೆ: ಕಟ್ಟದೆ ಬಿಟ್ಟ ನಾಯಿ, ಮುಚ್ಚಳ ಒಡೆದ ಚರಂಡಿ, ಸಂಜೆ ಕುಡಿದವರು ಕೂರುವ ಕಟ್ಟೆ, ತಿರುವಿನಲ್ಲಿ ಹಾರ್ನ್ ಹೊಡೆಯದೆ ಬರುವ ಟ್ರ್ಯಾಕ್ಟರ್. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದೆ ಮನವಿಗೆ ಅದೇ ದಾಖಲೆಯಾಗುತ್ತದೆ.

ದೊಡ್ಡ ರಸ್ತೆ ದಾಟಲು: ಸ್ಕೈವಾಕ್, ಕೆಳಸೇತುವೆ, ನೆಲಮಟ್ಟದ ದಾಟು

ಹೆಚ್ಚು ವಾದ ನಡೆಯುವುದು ಇದರ ಬಗ್ಗೆ, ಹೆಚ್ಚು ಹಣ ಪೋಲಾಗುವುದೂ ಇಲ್ಲೇ.

ಸ್ಕೈವಾಕ್ ನೋಡಲು ಸುರಕ್ಷಿತ. ಮಗು ಮೇಲೆ, ವಾಹನ ಕೆಳಗೆ, ಇಬ್ಬರೂ ಸೇರುವುದೇ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಕೆಳಗೆ ಲಾರಿಗಳು ಹೋಗಲು 5.5 ಮೀಟರ್ ಎತ್ತರ ಬಿಡಬೇಕು. ತೊಲೆಯ ದಪ್ಪ ಸೇರಿದರೆ ನಡೆಯುವ ನೆಲ ರಸ್ತೆಯಿಂದ ಆರು ಮೀಟರಿಗೂ ಮೇಲಿರುತ್ತದೆ. 15 ಸೆಂಟಿಮೀಟರಿನ ಮೆಟ್ಟಿಲುಗಳಾದರೆ ಹತ್ತಲು ನಲವತ್ತು, ಇಳಿಯಲು ನಲವತ್ತು. ಬೆನ್ನ ಮೇಲೆ ಪುಸ್ತಕದ ಚೀಲ. ಗಾಲಿಕುರ್ಚಿಗೆ ಇಳಿಜಾರು ಮಾಡಬೇಕೆಂದರೆ ಹನ್ನೆರಡಕ್ಕೆ ಒಂದರ ಲೆಕ್ಕದಲ್ಲಿ ಒಂದೊಂದು ಬದಿಗೂ 72 ಮೀಟರ್ ಉದ್ದ ಬೇಕು. ಅಷ್ಟು ಜಾಗ ಯಾವ ಶಾಲೆಯ ಮುಂದೂ ಇರುವುದಿಲ್ಲ. ಆಗ ಲಿಫ್ಟ್ ಹಾಕುತ್ತಾರೆ, ಅದು ಕೆಟ್ಟರೆ ಅಂಗವಿಕಲ ಮಗುವಿನ ದಾರಿ ಅಲ್ಲಿಗೇ ಮುಚ್ಚಿತು. ಬೆಂಗಳೂರಿನ ವರ್ತುಲ ರಸ್ತೆಗಳಲ್ಲಿ ಸ್ಕೈವಾಕಿನ ಕೆಳಗೇ ಜನ ವಿಭಜಕ ಹತ್ತಿ ದಾಟುವುದನ್ನು ನೋಡಿದ್ದೀರಿ. ಅದಕ್ಕೆ ಅವರ ಶಿಸ್ತನ್ನು ದೂರುವುದರಲ್ಲಿ ಅರ್ಥವಿಲ್ಲ. ಹದಿನೈದು ಸೆಕೆಂಡಿನ ದಾರಿಗೆ ಮೂರು ನಾಲ್ಕು ನಿಮಿಷ ಕೇಳಿದರೆ ಯಾವ ಊರಿನ ಜನರೂ ಹಾಗೆಯೇ ಮಾಡುತ್ತಾರೆ. ಇನ್ನೊಂದು ತೊಂದರೆಯಿದೆ: ಮೇಲೆ ದಾರಿ ಕಟ್ಟಿದ ಮೇಲೆ ಕೆಳಗೆ ವೇಗ ಹೆಚ್ಚುತ್ತದೆ, ಏಕೆಂದರೆ ಚಾಲಕನಿಗೆ ಇನ್ನು ಯಾರೂ ಅಡ್ಡ ಬರುವುದಿಲ್ಲ ಎಂಬ ಧೈರ್ಯ.

ಆರು ಪಥದ ರಾಷ್ಟ್ರೀಯ ಹೆದ್ದಾರಿ, ನಡುವೆ ಸಿಗ್ನಲ್ ಹಾಕಲಾಗದ ಜಾಗ, ಊರು ಒಂದು ಕಡೆ ಶಾಲೆ ಇನ್ನೊಂದು ಕಡೆ ಎಂದಾದರೆ ಮಾತು ಬೇರೆ. ಅಲ್ಲಿ ಮಕ್ಕಳನ್ನು ನೆಲದ ಮೇಲೆ ದಾಟಿಸುವ ಯೋಚನೆ ಬೇಡ. ಆದರೆ ಅಲ್ಲಿಯೂ ನನ್ನ ಆಯ್ಕೆ ಸ್ಕೈವಾಕ್ ಅಲ್ಲ, ಹೆದ್ದಾರಿಯನ್ನೇ ಸ್ವಲ್ಪ ಎತ್ತರಿಸಿ ಕೆಳಗೆ ನೆಲಮಟ್ಟದಲ್ಲಿ ಬಿಡುವ ಕೆಳಸೇತುವೆ. ಏರಬೇಕಾದ್ದು ವಾಹನ, ನಡೆಯುವವರು ನೇರವಾಗಿ ಹೋಗುತ್ತಾರೆ, ಸೈಕಲ್ಲೂ ಎಮ್ಮೆಯೂ ಗಾಲಿಕುರ್ಚಿಯೂ ಹೋಗುತ್ತವೆ. ರಸ್ತೆಯ ಕೆಳಗೆ ಅಗೆದು ಮೆಟ್ಟಿಲಿಳಿಸುವ ಸುರಂಗದ ಮಾದರಿಗೆ ಮಾತ್ರ ಒಪ್ಪಬೇಡಿ. ಮಳೆಗಾಲದಲ್ಲಿ ನೀರು, ಉಳಿದ ಕಾಲದಲ್ಲಿ ಕತ್ತಲು ಮತ್ತು ದುರ್ವಾಸನೆ. ಎಂಟನೇ ತರಗತಿಯ ಹುಡುಗಿ ಸಂಜೆ ಅದರೊಳಗೆ ಒಬ್ಬಳೇ ಇಳಿಯುವುದಿಲ್ಲ, ಇಳಿಯಲೂ ಬಾರದು. ಕೆಳಸೇತುವೆ ಹೆದ್ದಾರಿ ಯೋಜನೆಯ ನಕ್ಷೆಯಲ್ಲೇ ಸೇರಬೇಕಾದ ಕೆಲಸ. ಅಗಲೀಕರಣದ ಸುದ್ದಿ ಬಂದ ದಿನವೇ ಮನವಿ ಕೊಡಿ, ರಸ್ತೆ ಮುಗಿದ ಮೇಲೆ ಅದನ್ನು ಸೇರಿಸುವುದು ಬಹಳ ಕಷ್ಟ.

ಇನ್ನುಳಿದ ಬಹುತೇಕ ರಸ್ತೆಗಳಿಗೆ, ಅಂದರೆ ಜಿಲ್ಲಾ ರಸ್ತೆ, ರಾಜ್ಯ ಹೆದ್ದಾರಿಯ ಊರೊಳಗಿನ ಭಾಗ, ನಗರದ ನಾಲ್ಕು ಪಥದ ರಸ್ತೆ, ಇವಕ್ಕೆಲ್ಲ ನೆಲಮಟ್ಟದ ದಾಟೇ ಸರಿ. ಅದನ್ನು ಸರಿಯಾಗಿ ಮಾಡಬೇಕು ಅಷ್ಟೆ. ಹದಿನಾಲ್ಕು ಮೀಟರ್ ಅಗಲದ ರಸ್ತೆಯನ್ನು ತೆಗೆದುಕೊಳ್ಳಿ. ಪುಟ್ಟ ಮಗು ಸೆಕೆಂಡಿಗೆ ಸುಮಾರು ಒಂದು ಮೀಟರ್ ನಡೆದರೆ ದಾಟಲು 14 ಸೆಕೆಂಡು ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ ಸುಮಾರು 195 ಮೀಟರ್ ಬಂದಿರುತ್ತದೆ. ಅಷ್ಟು ದೂರದ ವಾಹನ ಎಷ್ಟು ವೇಗವಾಗಿ ಬರುತ್ತಿದೆ ಎಂದು ಅಂದಾಜು ಮಾಡುವ ಶಕ್ತಿ ಆರು ವರ್ಷದ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಈಗ ನಡುವೆ ನಿಲ್ಲಲು ಎರಡು ಮೀಟರ್ ಅಗಲದ ಕಟ್ಟೆ ಕೊಡಿ. ಒಂದು ಸಲಕ್ಕೆ ದಾಟಬೇಕಾದ್ದು ಏಳು ಮೀಟರ್‌ಗಿಂತ ಕಡಿಮೆ, ನೋಡಬೇಕಾದ್ದು ಒಂದೇ ದಿಕ್ಕು. ವೇಗವನ್ನೂ 30ಕ್ಕೆ ಇಳಿಸಿದರೆ ಆ ಏಳು ಸೆಕೆಂಡಿನಲ್ಲಿ ವಾಹನ ಬರುವುದು 60 ಮೀಟರ್ ಮಾತ್ರ. ಅಷ್ಟು ದೂರವನ್ನು ಮಗು ನೋಡಬಲ್ಲದು. ಚಾಲಕನ ಕಡೆಯಿಂದಲೂ ಇದೇ ಲೆಕ್ಕ: ಒಣ ರಸ್ತೆಯಲ್ಲಿ 50ರ ವೇಗದಲ್ಲಿ ಅಪಾಯ ಕಂಡು, ಬ್ರೇಕ್ ಹಾಕಿ, ಪೂರ್ತಿ ನಿಲ್ಲಲು ಸುಮಾರು 28 ಮೀಟರ್ ಬೇಕು, 30ರಲ್ಲಾದರೆ ಸುಮಾರು 13. ಇಪ್ಪತ್ತು ಮೀಟರ್ ಮುಂದೆ ಮಗು ಕಂಡಿತು ಎಂದುಕೊಳ್ಳಿ. ಒಬ್ಬ ಚಾಲಕ ನಿಂತಿರುತ್ತಾನೆ, ಇನ್ನೊಬ್ಬನಿಗೆ ನಿಲ್ಲಲು ಆಗಿರುವುದಿಲ್ಲ.

ಬರೀ ಜೀಬ್ರಾ ಪಟ್ಟೆ ಬಳಿದು ಬಿಟ್ಟರೆ ಪ್ರಯೋಜನ ಕಡಿಮೆ. ನಮ್ಮ ರಸ್ತೆಗಳಲ್ಲಿ ಪಟ್ಟೆ ನೋಡಿ ನಿಲ್ಲುವ ಅಭ್ಯಾಸ ಇನ್ನೂ ಬೇರೂರಿಲ್ಲ. ಪಟ್ಟೆಯ ಜೊತೆಗೆ ವಾಹನವನ್ನು ದೈಹಿಕವಾಗಿ ನಿಧಾನಗೊಳಿಸುವ ಏನಾದರೂ ಇರಲೇಬೇಕು.

ವೇಗ ಇಳಿಸಲು: ಹಂಪ್, ರಂಬಲ್ ಪಟ್ಟಿ, ಎತ್ತರಿಸಿದ ದಾಟು

ಹಂಪ್ ಬಗ್ಗೆ ಜನರಲ್ಲಿ ಬೇಸರವಿದೆ, ಅದಕ್ಕೆ ಕಾರಣವೂ ಇದೆ. ಒಂದೇ ರಾತ್ರಿ ಸುರಿದ ಡಾಂಬರಿನ ಗುಡ್ಡೆ, ಬಣ್ಣವಿಲ್ಲ, ಫಲಕವಿಲ್ಲ, ರಾತ್ರಿ ಬೈಕಿನವರು ಹಾರಿ ಬೀಳುತ್ತಾರೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಹೇಳಿದ ಹಂಪ್ ಬೇರೆಯೇ: 10 ಸೆಂಟಿಮೀಟರ್ ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ನಯವಾದ ಬಾಗು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವರಿಗೆ ಅದು ತೊಟ್ಟಿಲಿನಂತೆ ತೂಗುತ್ತದೆ, 50ರಲ್ಲಿ ಬಂದವರಿಗೆ ಚೆನ್ನಾಗಿ ಕುಲುಕುತ್ತದೆ. ಮನವಿಯಲ್ಲಿ ‘ಹಂಪ್ ಹಾಕಿಸಿ’ ಎಂದಷ್ಟೇ ಬರೆದರೆ ಗುಡ್ಡೆ ಬರುತ್ತದೆ. ಈ ಮೂರು ಅಳತೆ ಬರೆದರೆ ಕಿರಿಯ ಎಂಜಿನಿಯರ್ ಅಂದಾಜು ಪಟ್ಟಿಯಲ್ಲಿ ಅದನ್ನು ಸೇರಿಸಲೇಬೇಕಾಗುತ್ತದೆ.

ರಸ್ತೆಗೆ ಅಡ್ಡಲಾಗಿ ಸಾಲು ಸಾಲಾಗಿ ಹಾಕುವ ತೆಳು ಉಬ್ಬುಗಳು, ಅಂದರೆ ರಂಬಲ್ ಪಟ್ಟಿಗಳು, ಎಚ್ಚರಿಸುತ್ತವೆ, ನಿಧಾನಗೊಳಿಸುವುದು ಅಷ್ಟಕ್ಕಷ್ಟೇ. ವೇಗ ಹೆಚ್ಚಿದಷ್ಟೂ ಅದರ ಕಂಪನ ಕಡಿಮೆ ಅನಿಸುತ್ತದೆ ಎಂದು ತಿಳಿದ ಚಾಲಕರು ಅದರ ಮೇಲೆ ಇನ್ನೂ ಜೋರಾಗಿ ಹೋಗುತ್ತಾರೆ. ಅಕ್ಕಪಕ್ಕದ ಮನೆಯವರಿಗೆ ರಾತ್ರಿಯಿಡೀ ಸದ್ದು. ಹೆದ್ದಾರಿಯಿಂದ ಊರಿನೊಳಗೆ ಬರುವ ಕಡೆ ‘ಮುಂದೆ ಹಂಪ್ ಇದೆ’ ಎಂದು ತಿಳಿಸಲು ಸಾಕು, ಗೇಟಿನ ಮುಂದೆ ಬೇಡ.

ಒಂದನ್ನೇ ಕೇಳಬೇಕಾದರೆ ಎತ್ತರಿಸಿದ ದಾಟನ್ನು ಕೇಳಿ. ಎಂಜಿನಿಯರುಗಳು ಇದನ್ನು ಟೇಬಲ್ ಟಾಪ್ ಎನ್ನುತ್ತಾರೆ. ಜೀಬ್ರಾ ಪಟ್ಟೆ ಇರುವ ರಸ್ತೆಯ ಭಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಏರಿಸಿ, ಮೇಲ್ಭಾಗ ಸಪಾಟಾಗಿಸಿ, ವಾಹನಗಳಿಗೆ ಎರಡು ಕಡೆ ಇಳಿಜಾರು ಕೊಡುವುದು. ಹಂಪಿನ ಕೆಲಸವನ್ನೂ ದಾಟಿನ ಕೆಲಸವನ್ನೂ ಒಂದೇ ಕಾಮಗಾರಿ ಮಾಡುತ್ತದೆ. ಮಗು ಕೆಳಗಿಳಿಯುವುದಿಲ್ಲ, ಗಾಲಿಕುರ್ಚಿಗೆ ಅಡ್ಡಿಯಿಲ್ಲ, ಹತ್ತು ಹದಿನೈದು ಸೆಂಟಿಮೀಟರ್ ಎತ್ತರದಲ್ಲಿ ನಿಂತ ಮಗು ಚಾಲಕನಿಗೆ ಮೊದಲಿಗಿಂತ ಬೇಗ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಜಾಗ ನಡೆಯುವವರದು, ವಾಹನ ಇದರ ಮೇಲೆ ಅತಿಥಿ ಎಂಬುದು ಚಕ್ರದಿಂದಲೇ ಚಾಲಕನಿಗೆ ತಿಳಿಯುತ್ತದೆ. ಇದರಲ್ಲಿ ಕೆಡುವುದು ಒಂದೇ ಜಾಗದಲ್ಲಿ: ಮಳೆನೀರು. ರಸ್ತೆ ಎತ್ತರಿಸಿದ ಕಡೆ ಅಂಚಿನಲ್ಲಿ ಹರಿಯುವ ನೀರಿಗೆ ಪೈಪು ಅಥವಾ ಜಾಲರಿ ಮುಚ್ಚಿದ ಕಾಲುವೆ ಬಿಡದಿದ್ದರೆ ಮೊದಲ ಮಳೆಗೇ ದಾಟಿನ ಬಾಯಲ್ಲಿ ಕೆರೆ. ಮಕ್ಕಳು ಅದನ್ನು ಸುತ್ತಿಕೊಂಡು ಪಕ್ಕದಲ್ಲಿ ದಾಟುತ್ತಾರೆ, ಅಲ್ಲಿಗೆ ಇಡೀ ಕಾಮಗಾರಿ ವ್ಯರ್ಥ. ಅಂದಾಜು ಪಟ್ಟಿಯಲ್ಲಿ ಚರಂಡಿಯ ಸಾಲು ಇದೆಯೇ ಎಂದು ಮೊದಲೇ ನೋಡಿ.

‘ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ’ ಎಂಬ ಫಲಕ ಬೇಕು, ಆದರೆ ಅದೊಂದೇ ಇದ್ದರೆ ಸಾಲದು. ಬ್ಯಾರಿಕೇಡ್ ಪೊಲೀಸರು ಇರುವಷ್ಟು ದಿನ ನಿಲ್ಲುತ್ತದೆ, ಆಮೇಲೆ ಚರಂಡಿ ಪಕ್ಕದಲ್ಲಿ ಮಲಗುತ್ತದೆ.

ಫುಟ್‌ಪಾತ್: ಹೊಸದೋ, ಇರುವುದರ ರಿಪೇರಿಯೋ, ಬೇಡವೇ ಬೇಡವೋ

ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ವಸತಿ ಪ್ರದೇಶದಲ್ಲೂ ಅಡ್ಡಿಯಿಲ್ಲದ 1.8 ಮೀಟರ್ ಅಗಲ ಕೇಳುತ್ತದೆ, ಅಂಚಿನ ಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎನ್ನುತ್ತದೆ. ‘ಅಡ್ಡಿಯಿಲ್ಲದ’ ಎಂಬ ಮಾತಿಗೆ ಗಮನ ಕೊಡಿ. ಮೂರು ಮೀಟರ್ ಅಗಲದ ಫುಟ್‌ಪಾತಿನ ನಡುವೆ ಟ್ರಾನ್ಸ್‌ಫಾರ್ಮರ್ ಕೂತಿದ್ದರೆ ಅದರ ಲೆಕ್ಕ ಸೊನ್ನೆ. ಮಗು ಅಲ್ಲಿ ರಸ್ತೆಗಿಳಿಯಲೇಬೇಕು.

ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳನ್ನು ಮಾದರಿಯಾಗಿ ತೋರಿಸುವವರಿದ್ದಾರೆ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಮ್ಯೂಸಿಯಂ ರಸ್ತೆಗಳ ಸುತ್ತ ಹಳೆಯ ಶಾಲೆಗಳು ಬಹಳ ಇವೆ. ಅಲ್ಲಿ ಕೇಬಲ್, ಪೈಪುಗಳನ್ನೆಲ್ಲ ಫುಟ್‌ಪಾತಿನ ಕೆಳಗೆ ಹಾಕಿ, ಮೇಲೆ ಒಂದೇ ಮಟ್ಟದಲ್ಲಿ ಅಗಲವಾದ ನಡಿಗೆಯ ಜಾಗ ಮಾಡಿದ ಮೇಲೆ ಮಕ್ಕಳು ಸಾಲಾಗಿ ನಡೆದು ಹೋಗಬಹುದು. ಆ ಕೆಲಸ ಚೆನ್ನಾಗಿದೆ. ಆದರೆ ಅದು ನೆಲವನ್ನೇ ಬಗೆದು ಮಾಡುವ ದುಬಾರಿ ಕಾಮಗಾರಿ, ವರ್ಷಗಟ್ಟಲೆ ಹಿಡಿಯುತ್ತದೆ. ಅರಸೀಕೆರೆಯ ಅಥವಾ ಸಿಂಧನೂರಿನ ಸರ್ಕಾರಿ ಶಾಲೆ ಅದಕ್ಕಾಗಿ ಕಾಯುತ್ತಾ ಕೂರಬಾರದು.

ಪಟ್ಟಣಗಳಿಗೆ ನನ್ನ ಸಲಹೆ ರಿಪೇರಿ. ನಮ್ಮ ಹೆಚ್ಚಿನ ಫುಟ್‌ಪಾತುಗಳು ಚರಂಡಿಯ ಮೇಲಿನ ಚಪ್ಪಡಿಗಳೇ. ಒಂದು ಚಪ್ಪಡಿ ಒಡೆದರೆ ಇಡೀ ದಾರಿ ಕಡಿದಂತೆ. ಮಳೆ ಬಂದು ರಸ್ತೆ, ಚರಂಡಿ ಒಂದಾದಾಗ ಆ ತೂತು ಕಾಣುವುದೇ ಇಲ್ಲ. ಶಾಲೆಯ ಸುತ್ತಲ ಅರ್ಧ ಕಿಲೋಮೀಟರಿನ ಚಪ್ಪಡಿಗಳನ್ನು ಎಣಿಸಿ, ಒಡೆದದ್ದು, ಅಲುಗಾಡುವುದು, ಇಲ್ಲದ್ದು ಎಂದು ಮೂರು ಪಟ್ಟಿ ಮಾಡಿ ಪುರಸಭೆಗೆ ಕೊಟ್ಟರೆ ಹೊಸ ಟೆಂಡರ್ ಇಲ್ಲದೆ ನಿರ್ವಹಣೆಯ ಹಣದಲ್ಲೇ ಸರಿಮಾಡಬಹುದು. ಜೊತೆಗೆ ಮನೆಗಳ ಗೇಟಿನ ಮುಂದೆ ಕಾರು ಹತ್ತಿಸಲು ಮಾಡಿಕೊಂಡ ಇಳಿಜಾರುಗಳನ್ನು ನೋಡಿ. ಫುಟ್‌ಪಾತ್ ಪ್ರತಿ ಗೇಟಿಗೂ ಇಳಿದು ಹತ್ತಿದರೆ ಯಾವ ಮಗುವೂ ಅದರ ಮೇಲೆ ನಡೆಯುವುದಿಲ್ಲ. ಇಳಿಜಾರು ರಸ್ತೆಯ ಅಂಚಿನಲ್ಲಿ ಇರಲಿ, ನಡೆಯುವ ಮಟ್ಟ ಬದಲಾಗಬಾರದು. ಬೈಕ್ ಹತ್ತದಂತೆ ನೆಡುವ ಗಿಡ್ಡ ಕಂಬಗಳ ನಡುವೆ ಗಾಲಿಕುರ್ಚಿ ಹಾಯುವಷ್ಟು ಜಾಗ ಇರಲೇಬೇಕು.

ಆರೇಳು ಮೀಟರ್ ಅಗಲದ ಕೇರಿ ರಸ್ತೆ, ಹಳೆಯ ಪೇಟೆಯ ಬೀದಿ, ಹಳ್ಳಿಯ ಕಾಂಕ್ರೀಟ್ ರಸ್ತೆ, ಇವಕ್ಕೆ ಫುಟ್‌ಪಾತ್ ಬೇಡ. ಎರಡೂ ಕಡೆ ಮುಕ್ಕಾಲು ಮೀಟರಿನ ಫುಟ್‌ಪಾತ್ ಕಟ್ಟಿದರೆ ಅದರ ಮೇಲೆ ಬೈಕುಗಳು ನಿಲ್ಲುತ್ತವೆ, ಉಳಿದ ಇಕ್ಕಟ್ಟಿನಲ್ಲಿ ಮಕ್ಕಳೂ ಆಟೋಗಳೂ ಒಟ್ಟಿಗೆ. ಅದರ ಬದಲು ಇಡೀ ಬೀದಿಯನ್ನು ನಡಿಗೆಯ ವೇಗಕ್ಕೆ ಇಳಿಸಿ: ಬೀದಿಯ ಎರಡು ತುದಿಗೂ ಎತ್ತರಿಸಿದ ದಾಟು, ನಡುವೆ ಒಂದೆರಡು ಸರಿಯಾದ ಹಂಪ್, ಭಾರೀ ವಾಹನಕ್ಕೆ ಶಾಲಾ ಸಮಯದಲ್ಲಿ ನಿಷೇಧ.

ಬೀದಿ ವ್ಯಾಪಾರಿಗಳನ್ನು ಎತ್ತಿಸಬೇಕೆಂಬ ಮಾತೂ ಸಭೆಗಳಲ್ಲಿ ಬರುತ್ತದೆ. ದಯವಿಟ್ಟು ಅವಸರ ಮಾಡಬೇಡಿ. ಮುಂಜಾನೆ ಹೂ ಮಾರುವ ಅಮ್ಮ, ಸಂಜೆ ಚುರುಮುರಿ ಗಾಡಿಯವರು ಇರುವ ಬೀದಿಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. 1.8 ಮೀಟರ್ ಬಿಟ್ಟು ಗಾಡಿ ನಿಲ್ಲಿಸುವಂತೆ ಗೆರೆ ಎಳೆಯಿರಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲೂ ಅವರಿಗೆ ರಕ್ಷಣೆಯಿದೆ.

ಹತ್ತಿರದ ದಾರಿಯೋ, ಜನರಿರುವ ದಾರಿಯೋ

1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂಭಾಗಕ್ಕೆ ಕನ್ಸರ್ವೆನ್ಸಿ ಲೇನುಗಳೆಂಬ ಕಿರುಗಲ್ಲಿಗಳಿವೆ. ವಾಹನವಿಲ್ಲದ, ನೆರಳಿರುವ, ಶಾಲೆಗೆ ನೇರ ಹೋಗುವ ದಾರಿಗಳು. ನಕ್ಷೆಯಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಶಾಲಾ ದಾರಿ ಇಲ್ಲ. ಹಳ್ಳಿಗಳಲ್ಲಿ ತೋಟದ ನಡುವಿನ ಕಾಲುದಾರಿಯೂ ಹಾಗೆಯೇ. ಆದರೆ ಹೆಚ್ಚಿನ ಮನೆಗಳ ಬೆನ್ನು ಮಾತ್ರ ಕಾಣುವ ಆ ದಾರಿಯಲ್ಲಿ ಕೂಗಿದರೆ ಕೇಳುವವರು ಯಾರು? ದೀಪ ಹಾಕಿ, ಕಸ ತೆಗೆಸಿ, ಎರಡು ತುದಿಯಲ್ಲೂ ಬೈಕ್ ತಡೆಯುವ ಕಂಬ ನೆಟ್ಟು, ಮಕ್ಕಳು ಗುಂಪಾಗಿ ಹೋಗುವ ಹೊತ್ತು ನಿಶ್ಚಯಿಸಿದರೆ ಅದು ಬೆಳಗಿನ ದಾರಿಯಾಗಬಹುದು. ಸಂಜೆಗೆ, ವಿಶೇಷವಾಗಿ ಟ್ಯೂಷನ್ ಮುಗಿಸಿ ಬರುವ ದೊಡ್ಡ ಹುಡುಗಿಯರಿಗೆ, ಅಂಗಡಿಗಳಿರುವ ಮುಖ್ಯ ರಸ್ತೆಯೇ ಇರಲಿ. ಎರಡಕ್ಕೂ ಎರಡು ನಕ್ಷೆ ಮಾಡಿ. ಈ ತೀರ್ಮಾನವನ್ನು ಗಂಡಸರೇ ತುಂಬಿದ ಸಮಿತಿ ತೆಗೆದುಕೊಳ್ಳಬಾರದು, ಆ ಹುಡುಗಿಯರನ್ನೇ ಕೇಳಬೇಕು.

ಗೇಟಿನ ಮುಂದಿನ ಗದ್ದಲ

ನಗರದ ಖಾಸಗಿ ಶಾಲೆಗಳಲ್ಲಿ ಅಪಾಯ ತರುವುದು ಹೆಚ್ಚಾಗಿ ಪೋಷಕರ ವಾಹನಗಳೇ. ನಡೆದು ಹೋಗಲು ಭಯ ಎಂದು ಕಾರಿನಲ್ಲಿ ಬಿಡುತ್ತೇವೆ, ಆ ಕಾರುಗಳಿಂದ ನಡೆಯುವ ಮಕ್ಕಳ ಭಯ ಇನ್ನೂ ಹೆಚ್ಚುತ್ತದೆ. ಇದಕ್ಕೆ ಮೂರು ಮದ್ದುಗಳಿವೆ.

ಮೊದಲನೆಯದು ಗೇಟಿನ ಎದುರೇ ಇಳಿಸುವ ಜಾಗ ಮಾಡಿಕೊಡುವುದು. ಇದು ಕಾರುಗಳನ್ನು ಇನ್ನಷ್ಟು ಕರೆಯುತ್ತದೆ, ನಾನು ಇದರ ಪರವಾಗಿಲ್ಲ. ಎರಡನೆಯದು ಇನ್ನೂರು ಮುನ್ನೂರು ಮೀಟರ್ ದೂರದ ದೇವಸ್ಥಾನದ ಅಂಗಳದಲ್ಲೋ ಮೈದಾನದ ಪಕ್ಕದಲ್ಲೋ ಇಳಿಸಿ ಅಲ್ಲಿಂದ ನಡೆಸುವುದು. ಖರ್ಚಿಲ್ಲ, ಒಂದಿಬ್ಬರು ಸ್ವಯಂಸೇವಕರು ಸಾಕು. ಮೂರನೆಯದು ಗೇಟಿನ ಬೀದಿಯನ್ನು ಬೆಳಿಗ್ಗೆ, ಸಂಜೆ ಅರ್ಧ ಅರ್ಧ ಗಂಟೆ ವಾಹನಗಳಿಗೆ ಮುಚ್ಚುವುದು. ಲಂಡನ್ನಿನಲ್ಲಿ 2020ರಿಂದೀಚೆಗೆ ಇಂಥ ನೂರಾರು ಶಾಲಾ ಬೀದಿಗಳಾದವು, ಪ್ಯಾರಿಸ್ ಕೆಲವು ಬೀದಿಗಳನ್ನು ಶಾಶ್ವತವಾಗಿಯೇ ಮುಚ್ಚಿ ಗಿಡ ನೆಟ್ಟಿತು. ನಮ್ಮಲ್ಲಿ ಆಗದು ಎನ್ನಬೇಡಿ, ಗಣೇಶನ ಪೆಂಡಾಲಿಗೆ, ಕರಗಕ್ಕೆ, ರಥೋತ್ಸವಕ್ಕೆ ದಿನಗಟ್ಟಲೆ ಬೀದಿ ಮುಚ್ಚುವ ಊರುಗಳು ನಮ್ಮವು. ಕಾನೂನೂ ಅಡ್ಡಿಯಲ್ಲ: ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಸಾರ್ವಜನಿಕ ಸುರಕ್ಷತೆಗಾಗಿ ವಾಹನ ಸಂಚಾರ ನಿರ್ಬಂಧಿಸಲು ಅವಕಾಶ ಕೊಡುತ್ತದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸುವ ಅಗತ್ಯವೂ ಇಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ವೇಗದ ಮಿತಿಗೆ ಸಂಬಂಧಿಸಿದ 112ನೇ ಕಲಂನಲ್ಲೂ ಇದೇ ಅವಕಾಶವಿದೆ. ಹಾಗಾಗಿ ಸಂಚಾರ ಪೊಲೀಸರಲ್ಲಿ ಶಾಶ್ವತ ಆದೇಶ ಕೇಳುವ ಬದಲು ಒಂದು ತಿಂಗಳ ಪ್ರಯೋಗ ಕೇಳಿ. ಬೀದಿಯ ನಿವಾಸಿಗಳಿಗೆ, ಆಂಬುಲೆನ್ಸಿಗೆ, ಹಾಲಿನ ಗಾಡಿಗೆ ವಿನಾಯಿತಿ ಬರೆದುಕೊಡಿ. ಬೀದಿಯಲ್ಲಿ ಬಸ್ ಓಡುತ್ತಿದ್ದರೆ ಮಾತ್ರ ಈ ಆಯ್ಕೆ ಬಿಟ್ಟು ಎರಡನೆಯದಕ್ಕೆ ಹೋಗಿ.

ಯಾರೂ ಹೆಚ್ಚು ಯೋಚಿಸದ ನಾಲ್ಕನೆಯದೊಂದಿದೆ: ಗೇಟನ್ನೇ ಬದಲಿಸುವುದು. ಆಫ್ರಿಕಾದ ಹಲವು ನಗರಗಳ ಶಾಲೆಗಳ ಸುತ್ತ ಕಡಿಮೆ ಖರ್ಚಿನ ಕಾಮಗಾರಿ ಮಾಡಿ, ದಾರ್ ಎಸ್ ಸಲಾಮಿನ ಕೆಲಸಕ್ಕೆ 2019ರಲ್ಲಿ ಅಂತಾರಾಷ್ಟ್ರೀಯ ನಗರ ಪ್ರಶಸ್ತಿ ಪಡೆದ ಅಮೆಂಡ್ ಸಂಸ್ಥೆ ಹಂಪ್, ಕಾಲುದಾರಿ, ಗಿಡ್ಡ ಕಂಬಗಳ ಜೊತೆಗೆ ಈ ಉಪಾಯವನ್ನೂ ಬಳಸುತ್ತದೆ. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳ ಕಮಾನು ಹೆದ್ದಾರಿಗೆ ಮುಖ ಮಾಡಿರುತ್ತದೆ, ಹಿಂದಿನ ಗೋಡೆಯಾಚೆ ಶಾಂತವಾದ ಊರ ಬೀದಿ ಇರುತ್ತದೆ. ಗೋಡೆಯಲ್ಲಿ ಒಂದು ಸಣ್ಣ ಗೇಟು ತೆರೆದರೆ ಅರ್ಧಕ್ಕರ್ಧ ಮಕ್ಕಳು ಹೆದ್ದಾರಿಯ ಅಂಚನ್ನೇ ತುಳಿಯಬೇಕಾಗುವುದಿಲ್ಲ. ದಾನಿಗಳ ಹೆಸರಿನ ಕಮಾನು ಮುಂದೆಯೇ ಇರಲಿ, ಮಕ್ಕಳು ಹಿಂದಿನಿಂದ ಬರಲಿ.

ಜೊತೆಗೆ ನಡೆಯುವವರು

ಒಂದೇ ಕೇರಿಯ ಮಕ್ಕಳನ್ನು ಒಬ್ಬಿಬ್ಬರು ದೊಡ್ಡವರು ಸರದಿಯಂತೆ ಕರೆದೊಯ್ಯುವ ‘ನಡೆಯುವ ಶಾಲಾ ಬಸ್’ ಜಗತ್ತಿನ ಬಹಳ ಕಡೆ ಇದೆ. ಜಪಾನಿನಲ್ಲಿ ದೊಡ್ಡ ತರಗತಿಯ ಮಕ್ಕಳೇ ಚಿಕ್ಕವರನ್ನು ಗುಂಪಾಗಿ ಕರೆದೊಯ್ಯುತ್ತಾರೆ. ನಮ್ಮ ಹಳ್ಳಿಗಳಲ್ಲೂ ಅಕ್ಕಂದಿರು ತಮ್ಮಂದಿರ ಕೈಹಿಡಿದು ಹೋಗುವ ರೂಢಿ ಇದ್ದೇ ಇದೆ. ಅದಕ್ಕೊಂದು ಹೊತ್ತು, ಒಂದು ಸೇರುವ ಜಾಗ ಗೊತ್ತು ಮಾಡಿದರೆ ಸಾಕು. ನಾಳೆಯೇ ಶುರುಮಾಡಬಹುದಾದ ಆಯ್ಕೆ ಇದು. ಗೃಹರಕ್ಷಕರನ್ನೋ ಟ್ರಾಫಿಕ್ ವಾರ್ಡನ್ನರನ್ನೋ ದಾಟುವ ಜಾಗದಲ್ಲಿ ನಿಲ್ಲಿಸುವುದೂ ಒಳ್ಳೆಯದು. ಆದರೆ ಇವೆರಡೂ ಜನರನ್ನು ನಂಬಿದ ಏರ್ಪಾಡುಗಳು. ಸುಗ್ಗಿ ಬಂದರೆ, ಚುನಾವಣೆ ಬಂದರೆ, ಜ್ವರ ಬಂದರೆ ನಿಲ್ಲುತ್ತವೆ. ಕಾಮಗಾರಿ ಆಗುವವರೆಗಿನ ಸೇತುವೆಯಾಗಿ ಇವನ್ನು ನೋಡಿ, ಕಾಮಗಾರಿಯ ಬದಲಿಗಲ್ಲ. ಶಿಕ್ಷಕರನ್ನು ದಿನವೂ ರಸ್ತೆಗೆ ನಿಲ್ಲಿಸುವುದು ಬೇಡ, ಅವರಿಗೆ ಒಳಗೆ ಕೆಲಸವಿದೆ.

ಮಲೆನಾಡು, ಕರಾವಳಿಯ ಶಾಲೆಗಳಿಗೆ ಬೇರೆ ಪಟ್ಟಿ

ಅಲ್ಲಿ ಲಾರಿಗಿಂತ ಹಳ್ಳ ದೊಡ್ಡ ಅಪಾಯ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ (ಹಳ್ಳ ದಾಟಲು ಹಾಕುವ ಮರದ ಕಿರುಸೇತುವೆ) ಜಾರಿ ನೀರುಪಾಲಾದಳು. ಅಡಿಕೆ ಮರದ ಎರಡು ದಬ್ಬೆ, ಹಿಡಿಯಲು ಒಂದು ಬಿದಿರು, ಕೆಳಗೆ ಕೆಂಪು ನೀರು. ಇಂಥ ದಾರಿಯಲ್ಲಿ ಇವತ್ತಿಗೂ ಮಕ್ಕಳು ನಡೆಯುತ್ತಿದ್ದಾರೆ.

ಅಲ್ಲಿ ಆಯ್ಕೆ ಇರುವುದು ವಾಹನ ಹೋಗುವ ದೊಡ್ಡ ಸೇತುವೆ ಮತ್ತು ಕಾಂಕ್ರೀಟಿನ ಕಿರು ಕಾಲುಸೇತುವೆಗಳ ನಡುವೆ. ಊರವರು ಸಹಜವಾಗಿ ದೊಡ್ಡದನ್ನೇ ಕೇಳುತ್ತಾರೆ, ಜೀಪು ಬಂದರೆ ಎಲ್ಲರಿಗೂ ಅನುಕೂಲ. ಆದರೆ ದೊಡ್ಡ ಸೇತುವೆಗೆ ಕೂಡು ರಸ್ತೆ, ಜಮೀನು, ಅರಣ್ಯ ಇಲಾಖೆಯ ಒಪ್ಪಿಗೆ ಎಲ್ಲ ಬೇಕು. ಅಷ್ಟರಲ್ಲಿ ಆ ಮಗು ಹೈಸ್ಕೂಲು ಮುಗಿಸಿರುತ್ತದೆ. ಎರಡೂ ಬದಿಗೆ ಮಗುವಿನ ಎದೆಮಟ್ಟದ ಕಂಬಿಯಿರುವ, ಗರಿಷ್ಠ ನೆರೆಯ ಗುರುತಿಗಿಂತ ಮೇಲೆ ಕಟ್ಟಿದ ಕಾಲುಸೇತುವೆಯನ್ನು ಮೊದಲು ಕೇಳಿ ಪಡೆಯಿರಿ. ದೊಡ್ಡದರ ಹೋರಾಟ ಅದರ ಪಾಡಿಗೆ ನಡೆಯಲಿ. ನೆರೆಯ ಗುರುತು ಎಲ್ಲಿ ಎಂಬುದು ಕಚೇರಿಯ ನಕ್ಷೆಗಿಂತ ಹಳ್ಳದ ಪಕ್ಕದ ಮನೆಯ ಅಜ್ಜಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರಿಂದ ಮರದ ಮೇಲೆ ಗುರುತು ಹಾಕಿಸಿ ಎಂಜಿನಿಯರಿಗೆ ತೋರಿಸಿ.

ಯಾರ ಬಾಗಿಲು ತಟ್ಟಬೇಕು

ರಸ್ತೆ ಯಾರದೆಂದು ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಊರೊಳಗಿನ ಬೀದಿ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯದು, ಗ್ರಾಮೀಣ ರಸ್ತೆಗಳಿಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು, ರಾಷ್ಟ್ರೀಯ ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ ಅಥವಾ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಿವೆ, ನಿಮ್ಮ ಶಾಲೆ ಯಾವುದರಲ್ಲಿದೆ ಎಂದು ನೋಡಿಕೊಳ್ಳಿ. ರಸ್ತೆ ಇಬ್ಬರದಾಗಿದ್ದರೆ, ಅಥವಾ ಇಬ್ಬರೂ ನಮ್ಮದಲ್ಲ ಎಂದರೆ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ. ಅಲ್ಲಿ ಪೊಲೀಸರೂ ಎಂಜಿನಿಯರುಗಳೂ ಒಂದೇ ಮೇಜಿನಲ್ಲಿ ಕೂರುತ್ತಾರೆ.

ಮನವಿ ಒಂದೇ ಪುಟದ್ದಿರಲಿ. ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ದಾಟುತ್ತಾರ‍ೆ, ನಿಮಗೆ ಬೇಕಾದ್ದು ಯಾವುದು, ಅದರ ಅಳತೆ ಏನು. ಜೊತೆಗೆ ಕೈಯಿಂದ ಬರೆದ ನಕ್ಷೆ, ಎಸ್‌ಡಿಎಂಸಿ ಅಥವಾ ಗ್ರಾಮಸಭೆಯ ನಡಾವಳಿಯ ಪ್ರತಿ. ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ, ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 198ಎ ಕಲಂ, ಸುರಕ್ಷತೆಯ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅದನ್ನು ಬೆದರಿಕೆಯಂತೆ ಬರೆಯಬೇಕಿಲ್ಲ, ಅಳತೆಗಳು ಏಕೆ ಮುಖ್ಯ ಎಂಬುದಕ್ಕೆ ಕಾರಣವಾಗಿ ಬರೆದರೆ ಸಾಕು.

ಕೆಲಸ ಮಂಜೂರಾಗುವವರೆಗೆ ಪಾರ್ಕಿಂಗ್ ತೆರವು, ಹಿಂದಿನ ಗೇಟು, ಗುಂಪು ನಡಿಗೆ ಈ ಮೂರನ್ನು ಶುರುಮಾಡಿಕೊಳ್ಳಿ. ಮಂಜೂರಾದ ಮೇಲೆ ಕಾಮಗಾರಿ ನಡೆಯುವ ದಿನ ಎಸ್‌ಡಿಎಂಸಿಯ ಒಬ್ಬರು ಅಳತೆ ಟೇಪ್ ಹಿಡಿದು ಅಲ್ಲೇ ಇರಲಿ, ಡಾಂಬರು ಬಿಸಿಯಿರುವಾಗ ಸರಿಮಾಡಿಸುವುದು ಸುಲಭ. ಆಮೇಲೆ ಪ್ರತಿ ವರ್ಷ ಮೇ ಕೊನೆಯ ವಾರ ಪಟ್ಟೆಗಳಿಗೆ ಹೊಸ ಬಣ್ಣ, ಚಪ್ಪಡಿಗಳ ಎಣಿಕೆ, ಎತ್ತರಿಸಿದ ದಾಟಿನ ಪೈಪಿನಲ್ಲಿ ಕಟ್ಟಿದ ಎಲೆಗಳ ತೆರವು, ಇವನ್ನು ಶಾಲಾ ಪ್ರಾರಂಭೋತ್ಸವದ ತಯಾರಿಯ ಪಟ್ಟಿಯಲ್ಲೇ ಸೇರಿಸಿಬಿಡಿ.